ಕೊಂಡ ಆಟ ಯಾರದು?

ಮೂಲಗೇಣಿ, ಚಾಲಗೇಣಿ ಎಂದರೆ ನಮ್ಮ ಮಾವಳ್ಳಿ ಕಡೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ. ಒಡೆಯನ ಜಮೀನು ಸಾಗುವಳಿ ಮಾಡಿ ಅವನಿಗೆ ಕೊಡುವ ಪಾಲೇ ಗೇಣಿ. ಮೂಲಗೇಣಿಯವನ ಹಕ್ಕು ಶಾಶ್ವತ. ಚಾಲಗೇಣಿಯವನನ್ನು ಒಡೆಯ ಬೇಡವೆಂದಾಗ ಎಬ್ಬಿಸಬಹುದಿತ್ತು. 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅಂಥ ಅನೇಕರು ತಾವು ಉಳುವ ಭೂಮಿಗೆ ಒಡೆಯರಾದರು. ಈಗ ನೋಡಿದರೆ ನಮ್ಮ ಮೊಮ್ಮಕ್ಕಳು ಕಂಪ್ಯೂಟರಿನೊಳಗೆ ಚಾಲಗೇಣಿದಾರರಾಗಿದ್ದಾರೆ!

ಕಳೆದ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ನಮ್ಮ ಕೇರಿಗೆ ಎರಡು ದಿನ ಇಂಟರ್ನೆಟ್ ಇರಲಿಲ್ಲ. ಮೊಮ್ಮಗ ಲ್ಯಾಪ್‌ಟಾಪ್ ತೆರೆದ. ಹುಟ್ಟುಹಬ್ಬಕ್ಕೆ ನಾನೇ ಕೊಡಿಸಿದ, ಒಬ್ಬನೇ ಆಡುವ ಆಟ. ಅದು ಶುರುವಾಗಲೇ ಇಲ್ಲ.

"ಅಜ್ಜಾ, ಇಂಟರ್ನೆಟ್ ಬೇಕಂತೆ."

"ಒಬ್ಬನೇ ಆಡೋದಕ್ಕೆ ಇಂಟರ್ನೆಟ್ ಯಾಕೋ?"

"ನಾವು ದುಡ್ಡು ಕೊಟ್ಟದ್ದು ಹೌದೋ ಅಲ್ಲವೋ ಅಂತ ಪ್ರತಿಸಲ ಕಂಪನಿಯನ್ನು ಕೇಳ್ತದೆ."

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಲಾಕರ್ ನೆನಪಾಯಿತು. ಅದಕ್ಕೆ ಎರಡು ಕೀಲಿಕೈ. ಬ್ಯಾಂಕಿನವರು ತಮ್ಮದನ್ನು ತಿರುಗಿಸದೆ ಗ್ರಾಹಕರ ಕೀಲಿಯೊಂದರಿಂದಲೇ ಬಾಗಿಲು ತೆರೆಯದು. ಆದರೆ ನಾವು ಅದಕ್ಕೆ ಬಾಡಿಗೆ ಎಂದೇ ರಸೀದಿ ಕೊಡುತ್ತಿದ್ದೆವು, ಮಾರಿದೆವು ಎನ್ನುತ್ತಿರಲಿಲ್ಲ. ಆಟಕ್ಕೆ ಹಾಕುವ ಇಂಥ ಬೀಗಕ್ಕೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಡಿಆರ್‌ಎಂ, ಎಂದು ಹೆಸರು. ಕಳ್ಳಪ್ರತಿ ತಡೆಯಲು ಬೀಗ ಬೇಕು ಎನ್ನುತ್ತಾರೆ ಕಂಪನಿಯವರು. ವರ್ಷಗಟ್ಟಲೆ ದುಡಿದು ಆಟ ಮಾಡಿದವರಿಗೆ ಆ ಭಯ ಸಹಜವೇ. ಆದರೆ ತೊಂದರೆಯಾಗುವುದು ದುಡ್ಡು ಕೊಟ್ಟವನಿಗೆ.

ಎರಡು ದಿನದ ತೊಂದರೆಯಾದರೆ ಸಹಿಸಬಹುದು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದಿ ಕ್ರ್ಯೂ' ಎಂಬ ಕಾರು ಓಟದ ಆಟ ಮಾರಿತು. ಒಬ್ಬರೇ ಆಡಿದರೂ ಕಂಪನಿಯ ಸರ್ವರ್ ಬೇಕು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಆಟವೂ ನಿಂತಿತು. ಡಿಸ್ಕ್ ಕೊಂಡು ಕಪಾಟಿನಲ್ಲಿ ಜೋಪಾನ ಮಾಡಿದವರ ಕೈಯಲ್ಲಿ ಉಳಿದದ್ದು ಹೊಳೆಯುವ ಬಿಲ್ಲೆ ಮಾತ್ರ. ಇದರಿಂದ ಸಿಟ್ಟಾದವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಹೂಡಿದರು. ಯುರೋಪಿನಲ್ಲಿ ಅದರ ಮನವಿಗೆ 2025ರ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಇಂಥ ಸರಕಿನ ಮೇಲೆ 'ಖರೀದಿಸಿ' ಎಂದು ಬರೆಯುವ ಹಾಗಿಲ್ಲ. ನನಗೆ ಇದು ಬಹಳ ಹಿಡಿಸಿತು. ಬಾಡಿಗೆಯನ್ನು ಬಾಡಿಗೆ ಎಂದೇ ಕರೆಯಲಿ.

ಇನ್ನೊಂದು ನಷ್ಟವಿದೆ. ನಮ್ಮ ಕಾಲದಲ್ಲಿ ಒಂದು 'ಚಂದಮಾಮ' ಬಂದರೆ ಹತ್ತು ಮನೆ ತಿರುಗಿ, ರಟ್ಟು ಹರಿದು ವಾಪಸು ಬರುತ್ತಿತ್ತು. ಮೊಮ್ಮಗನ ಆಟ ಅವನ ಖಾತೆಗೇ ಅಂಟಿಕೊಂಡಿದೆ. ಆಡಿ ಬೇಸರವಾದರೂ ಗೆಳೆಯನಿಗೆ ದಾಟಿಸುವ ಹಾಗಿಲ್ಲ.

"ಬೀಗ ಒಡೆದರೆ?" ಎಂದು ಕೇಳಿದ ಪೋರ. ಬೇಡ ಮಾರಾಯ! ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಜೈಲು, ದಂಡ.

ಅದರ ಬದಲು ದುಡ್ಡು ಕೊಡುವ ಮೊದಲೇ ಅಜ್ಜ, ಮೊಮ್ಮಕ್ಕಳು ಕೂಡಿ ಕುಳಿತು ಓದಿರಿ: ಒಬ್ಬರೇ ಆಡಲೂ ಸದಾ ಇಂಟರ್ನೆಟ್ ಬೇಕೇ? ಪೋಲೆಂಡಿನ ಜಿಒಜಿ ಎಂಬ ಆನ್‌ಲೈನ್ ಅಂಗಡಿ 2008ರಿಂದ ಬೀಗವಿಲ್ಲದ ಆಟ ಮಾರುತ್ತಿದೆ. ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಟ್ಟರೆ ಜೂನ್ ತಿಂಗಳ ಮಳೆಯಲ್ಲೂ ಆಡಬಹುದು. ಮೊಮ್ಮಗನ ಮುಂದಿನ ಹುಟ್ಟುಹಬ್ಬಕ್ಕೆ ಅಲ್ಲಿಂದಲೇ ಒಂದು ಆರಿಸಿದ್ದೇವೆ.