ಮಕ್ಕಳ ಬಿಡದ ನೆಗಡಿ

ವೈರಸ್ಸಿನಿಂದ ಬರುವ ನೆಗಡಿಯು ಮದ್ದು ಕೊಟ್ಟರೂ ಕೊಡದಿದ್ದರೂ ಒಂದೆರಡು ವಾರಗಳಲ್ಲಿ ಇಳಿದುಹೋಗುತ್ತದೆ. ತಿಂಗಳುಗಟ್ಟಲೆ ಮೂಗು ಕಟ್ಟಿಕೊಂಡು ಬಾಯಿಂದ ಉಸಿರಾಡುವ, ಬೆಳಗೆದ್ದೊಡನೆ ಸಾಲುಸಾಲಾಗಿ ಸೀನುವ, ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿಕೊಳ್ಳುವ ಮಗುವಿನ ಬೇನೆಯೇ ಬೇರೆ. ಅದು ಮೂಗಿನ ಒಳಪೊರೆಯ ದೀರ್ಘಕಾಲದ ಉರಿಯೂತ. ಇಂಥ ಮಗು ರಾತ್ರಿ ಸರಿಯಾಗಿ ನಿದ್ರಿಸಲಾರದು; ಹಗಲು ಶಾಲೆಯಲ್ಲಿ ಮಂಕಾಗಿ ಕುಳಿತು ದಡ್ಡನೆನಿಸಿಕೊಳ್ಳುವುದೂ ಉಂಟು.

ಇದಕ್ಕೆ ಸಾಮಾನ್ಯವಾದ ಕಾರಣ ಅಲರ್ಜಿ. ಮನೆಯ ಧೂಳು ಕೆಲವರಿಗೆ ಒಗ್ಗದೆಂಬುದು ಹಳೆಯ ಅನುಭವವೇ. ಆ ಧೂಳಿನಲ್ಲಿ ಒಗ್ಗದಿರುವುದರ ಮೂಲ ಯಾವುದೆಂಬುದನ್ನು ಹಾಲೆಂಡಿನ ಲೈಡನ್ ನಗರದಲ್ಲಿ ಫೋರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಅವರು 1964ರಲ್ಲಿ ತೋರಿಸಿಕೊಟ್ಟರು. ಅದು ಮಿಲಿಮೀಟರಿನ ಮೂರರಲ್ಲೊಂದು ಭಾಗದಷ್ಟಿರುವ ನುಸಿ. ನಮ್ಮ ಚರ್ಮದಿಂದ ಉದುರುವ ಪುಡಿಯೇ ಅದರ ಆಹಾರ, ಹಾಸಿಗೆ ದಿಂಬುಗಳೇ ಅದರ ವಾಸ. ಮೂಗನ್ನು ಮುಖ್ಯವಾಗಿ ಕೆಣಕುವುದು ಅದರ ಹಿಕ್ಕೆ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಆದರೆ ಇದೊಂದರಿಂದಲೇ ಮೂಗು ತೆರೆಯುವುದೆಂದು ನಾವು ಭರವಸೆ ಕೊಡಲಾರೆವು.

ಔಷಧದ ಮಾತಿಗೆ ಬಂದರೆ, ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಹನಿಮದ್ದು ಅನೇಕರ ಮೊದಲ ಆಸರೆ. ಜೈಲೋಮೆಟಜೋಲಿನ್ ಮೊದಲಾದ ಈ ಮದ್ದು ಹಿಗ್ಗಿದ ರಕ್ತನಾಳಗಳನ್ನು ಬಿಗಿದು ಕೆಲವೇ ನಿಮಿಷಗಳಲ್ಲಿ ಮೂಗನ್ನು ತೆರೆಯುತ್ತದೆ. ವಾರ ಮೀರಿ ಹಾಕುತ್ತ ಹೋದರೆ, ಅದರ ಪ್ರಭಾವ ಇಳಿದೊಡನೆ ನಾಳಗಳು ಮತ್ತಷ್ಟು ಹಿಗ್ಗುತ್ತವೆ, ಮೂಗು ಕಟ್ಟುತ್ತದೆ, ಮತ್ತೆ ಹನಿ. ಒಂದು ರೋಗಕ್ಕೆ ಇನ್ನೊಂದು ಜೊತೆಯಾದಂತಾಯಿತು! ಎಳೆಯ ಮಕ್ಕಳಲ್ಲಿ ಪ್ರಮಾಣ ಮೀರಿದರೆ ಮಂಪರು ಕವಿದು ಉಸಿರು ಕುಗ್ಗುವ ಭಯವೂ ಉಂಟು.

ಉರಿಯೂತವನ್ನೇ ಇಳಿಸುವುದು ಮೊಮೆಟಸೋನ್, ಫ್ಲೂಟಿಕಸೋನ್‌ಗಳಂಥ ಸ್ಟಿರಾಯ್ಡ್ ತುಂತುರು. ಇದರ ಗುಣ ನಿಧಾನ. ಪೂರ್ಣಫಲಕ್ಕೆ ಎರಡು ವಾರವಾದರೂ ಬೇಕಾದೀತು. ಮೂರು ದಿನ ಹಾಕಿ, ಪ್ರಯೋಜನವಿಲ್ಲವೆಂದು ಸೀಸೆಯನ್ನು ಮೂಲೆಗಿಡುವವರನ್ನು ನಾವು ಕಾಣುತ್ತೇವೆ. ಸ್ಟಿರಾಯ್ಡ್ ಎಂಬ ಹೆಸರಿಗೇ ಬೆದರುವವರೂ ಇದ್ದಾರೆ. ಈ ಎರಡು ಮದ್ದುಗಳು ಮೂಗಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೂ ವೈದ್ಯರು ಹೇಳಿದ ಪ್ರಮಾಣವನ್ನು ಮೀರದೆ, ಮಗುವಿನ ಎತ್ತರವನ್ನು ಆಗಾಗ ಅಳೆಸುತ್ತಿರುವುದು ಲೇಸು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಸೀಸೆಯ ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಕಿವಿಯ ಕಡೆಗೆ ತಿರುಗಿಸಬೇಕು. ನಡುಗೋಡೆಗೆ ಹೊಡೆದರೆ ರಕ್ತ ಒಸರೀತು.

ಎಲ್ಲವೂ ಅಲರ್ಜಿಯಲ್ಲ. ಗೊರಕೆಯೊಡನೆ ಕಿವಿಯೂ ಮಂದವಾಗಿದ್ದರೆ, ಮೂಗಿನ ಹಿಂಬದಿಯ ಅಡಿನಾಯ್ಡ್ ಬೆಳೆದಿರಬಹುದು. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತಿದ್ದರೆ, ಯಾವ ಮದ್ದಿಗೂ ಮುನ್ನ ವೈದ್ಯರಿಂದ ಮೂಗಿನೊಳಗನ್ನು ನೋಡಿಸಬೇಕು: ಅಲ್ಲಿ ಕಡಲೆಕಾಳೋ ಮಣಿಯೋ ಸಿಕ್ಕಿಕೊಂಡಿರುವುದುಂಟು.