ಕತ್ತಿನ ವ್ಯಾಧಿ, ತೋಳಿನ ವೇದನೆ

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಅನೇಕರು ನೆಲೆಸಿರುವ ಬಾಗಲಗುಂಟೆಯಲ್ಲಿ ನಿದ್ರೆಯು ಇರುಳಿಗೇ ಮೀಸಲಾಗಿ ಉಳಿದಿಲ್ಲ. ಒಬ್ಬನು ನೈಟ್ ಶಿಫ್ಟ್ ಮುಗಿಸಿ ಬಂದು ಚಾಪೆ ಹಾಸುವ ಹೊತ್ತಿಗೆ ಅದೇ ಕೋಣೆಯ ಇನ್ನೊಬ್ಬನು ಚಾಪೆ ಸುತ್ತಿಟ್ಟು ಕೆಲಸಕ್ಕೆ ಹೊರಟಿರುತ್ತಾನೆ. ಹೀಗೆ ಸರದಿಯಲ್ಲಿ ದೊರೆತ ನಿದ್ರೆಯಲ್ಲಿ, ಮಡಿಸಿದ ಬೆಡ್‌ಶೀಟನ್ನೋ ತನ್ನ ತೋಳನ್ನೋ ತಲೆಗೆ ಆಸರೆಯಾಗಿಸಿಕೊಂಡು ಮಲಗಿದವನು, ಭುಜದಿಂದ ಹೆಬ್ಬೆರಳಿನ ತುದಿಯವರೆಗೆ ಇಳಿದ ಚಳುಕಿನಿಂದ ಎಚ್ಚೆತ್ತನೆಂದರೆ, ‘ಕೈ ಜೋಮು ಹಿಡಿದಿದೆ, ನರ ಹಿಡಿದುಕೊಂಡಿದೆ’ ಎಂದು ತೋಳಿಗೆ ಎಣ್ಣೆ ತಿಕ್ಕಲಾರಂಭಿಸುತ್ತಾನೆ. ಎಷ್ಟು ತಿಕ್ಕಿದರೂ ನೋವು ಕದಲದಿರುವುದುಂಟು. ಏಕೆಂದರೆ ಇಂತಹ ವೇದನೆಯ ಮೂಲವು ಎಷ್ಟೋ ವೇಳೆ ತೋಳಿನಲ್ಲಿರದೆ ಕತ್ತಿನಲ್ಲಿರುತ್ತದೆ.

ಕತ್ತಿನ ಕಶೇರುಕಗಳು ಏಳು. ಅಲ್ಲಿಂದ ಹೊರಡುವ ನರಮೂಲಗಳು ಎಂಟು ಜೊತೆ. ಇವುಗಳಲ್ಲಿ ಕೆಳಗಿನ ನಾಲ್ಕು, ಎದೆಯ ಭಾಗದ ಮೊದಲನೆಯ ನರಮೂಲವನ್ನು ಕೂಡಿಕೊಂಡು, ಜಡೆಯಂತೆ ಹೆಣೆದು ಕಂಕುಳಿನ ಮಾರ್ಗವಾಗಿ ತೋಳಿಗಿಳಿಯುತ್ತವೆ. ಕಶೇರುಕಗಳ ನಡುವಣ ಡಿಸ್ಕ್ ಹೊರಚಾಚಿದಾಗ, ಅಥವಾ ವಯಸ್ಸಿನೊಡನೆ ಎಲುಬಿನ ಅಂಚು ಬೆಳೆದು ನರವು ಹೊರಬರುವ ರಂಧ್ರವನ್ನು ಕಿರಿದುಗೊಳಿಸಿದಾಗ, ನರಮೂಲವು ಒತ್ತಡಕ್ಕೂ ಉರಿಯೂತಕ್ಕೂ ಸಿಲುಕುತ್ತದೆ. ಆರನೆಯ ಮೂಲ ನೊಂದರೆ ಹೆಬ್ಬೆರಳು, ಏಳನೆಯದಾದರೆ ನಡುಬೆರಳು, ಎಂಟನೆಯದಾದರೆ ಕಿರುಬೆರಳು ಜೋಮುಗಟ್ಟುವುದು ಸಾಮಾನ್ಯ. ಎಲ್ಲಕ್ಕಿಂತ ಹೆಚ್ಚಾಗಿ ತೊಂದರೆಗೀಡಾಗುವುದು ಏಳನೆಯದು. ಆದಕಾರಣ ಬಲ್ಲ ವೈದ್ಯನು ಕತ್ತನ್ನು ಮುಟ್ಟುವ ಮುನ್ನ ‘ಯಾವ ಬೆರಳು?’ ಎಂದು ಕೇಳುತ್ತಾನೆ. ತಲೆಯನ್ನು ನೋವಿರುವ ಪಕ್ಕಕ್ಕೆ ವಾಲಿಸಿ ನೆತ್ತಿಯನ್ನು ಮೆಲ್ಲನೆ ಒತ್ತಿ, ನೋವು ತೋಳಿಗಿಳಿಯುವುದೇ ಎಂದು ನೋಡುವ ಪರೀಕ್ಷೆಯನ್ನು ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಎಂಬ ಅಮೆರಿಕದ ಶಸ್ತ್ರವೈದ್ಯರು 1944ರಲ್ಲಿ ವರ್ಣಿಸಿದರು. ಇದು ಮನೆಯಲ್ಲಿ ಮಾಡಿನೋಡತಕ್ಕದ್ದಲ್ಲ.

ಮಲಗುವ ಭಂಗಿಯ ಮಹತ್ವವು ಈ ಪರೀಕ್ಷೆಯಿಂದಲೇ ತಿಳಿಯುತ್ತದೆ. ಕತ್ತು ಹಿಂದಕ್ಕೆ ಬಾಗಿ ನೋವಿನ ಪಕ್ಕಕ್ಕೆ ಹೊರಳಿದಾಗ ನರದ ರಂಧ್ರವು ಮತ್ತಷ್ಟು ಸಂಕುಚಿಸುತ್ತದೆ. ಬೋರಲು ಮಲಗುವವನು ಉಸಿರಾಟಕ್ಕಾಗಿ ಮುಖವನ್ನು ಒಂದೇ ಕಡೆಗೆ ತಿರುಗಿಸಿಟ್ಟು ಗಂಟೆಗಟ್ಟಲೆ ಈ ಸ್ಥಿತಿಯಲ್ಲೇ ಇರುತ್ತಾನೆ. ವಿಚಿತ್ರವೆಂದರೆ, ತಲೆಯ ಮೇಲೆ ಕೈ ಹೊತ್ತು ಕೂರುವುದು ಅಮಂಗಳವೆಂದು ಮನೆಯ ಹಿರಿಯರು ಗದರಿದರೂ, ಈ ರೋಗಿಗಳಲ್ಲಿ ಹಲವರಿಗೆ ಕೈಯನ್ನು ನೆತ್ತಿಯ ಮೇಲಿಟ್ಟುಕೊಂಡಾಗಲೇ ನೆಮ್ಮದಿ. ತೋಳು ಮೇಲೇರಿದಾಗ ನರಮೂಲದ ಮೇಲಣ ಎಳೆತ ಸಡಿಲುವುದೇ ಇದಕ್ಕೆ ಕಾರಣವೆಂದು ವೈದ್ಯರು ಹೇಳುತ್ತಾರೆ. ಈ ಉಪಶಮನವು ಅವರಿಗೆ ರೋಗನಿದಾನದ ಒಂದು ಲಕ್ಷಣವೂ ಹೌದು.

ಆದರೂ ಎಲ್ಲ ಅಪರಾಧವನ್ನೂ ದಿಂಬಿನ ತಲೆಗೆ ಕಟ್ಟುವುದು ಸರಿಯೆಂದು ನನಗೆ ತೋರುವುದಿಲ್ಲ. ಮುಂದೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ನಿರ್ದೇಶಕರಾದ ನರರೋಗತಜ್ಞ ಕೆ. ರಾಧಾಕೃಷ್ಣನ್ ಹಾಗೂ ಸಂಗಡಿಗರು, ಅಮೆರಿಕದ ರೋಚೆಸ್ಟರ್ ಪಟ್ಟಣದಲ್ಲಿ 1976ರಿಂದ 1990ರವರೆಗೆ ದಾಖಲಾದ 561 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ 1994ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 83 ಮಂದಿಗೆ ಈ ವ್ಯಾಧಿ. ನೋವಿಗೆ ಮುನ್ನ ಪೆಟ್ಟು ಬಿದ್ದದ್ದು ಅಥವಾ ಅತಿಶ್ರಮ ಪಟ್ಟದ್ದು ಶೇಕಡ 15ರಷ್ಟು ಜನರಲ್ಲಿ ಮಾತ್ರ. ಉಳಿದವರಲ್ಲಿ ಅದು ಇಂತಹ ನಿಮಿತ್ತವಿಲ್ಲದೆಯೇ ಬಂದಿತು. ಕೊನೆಯ ತಪಾಸಣೆಯ ವೇಳೆಗೆ ಹತ್ತರಲ್ಲಿ ಒಂಬತ್ತು ಮಂದಿ ನೋವಿಲ್ಲದೆಯೋ ಅಲ್ಪ ತೊಂದರೆಯಿಂದಲೋ ಬಾಳುತ್ತಿದ್ದರು. ನಿದ್ರೆಯ ಭಂಗಿಯು ಬಹುತೇಕ ಮೊದಲೇ ನೊಂದ ನರವನ್ನು ಕೆಣಕುತ್ತದೆಯೇ ಹೊರತು ರೋಗವನ್ನು ತಾನೇ ಹುಟ್ಟಿಸುವುದಿಲ್ಲ.

ಇರುಳಿನ ಜೋಮೆಲ್ಲವೂ ಕತ್ತಿನದೆಂದೂ ತಿಳಿಯಬಾರದು. ಕೈ ಝಾಡಿಸಿದೊಡನೆ ಹಗುರವಾಗುವ ಜೋಮು ಮಣಿಕಟ್ಟಿನಲ್ಲಿ ನರವು ಒತ್ತಿದ್ದರಿಂದ ಬಂದಿರಬಹುದು. ಮೊಣಕೈ ಮಡಿಸಿ ಮಲಗುವವರಿಗೆ ಉಂಗುರದ ಬೆರಳು, ಕಿರುಬೆರಳುಗಳು ಮರಗಟ್ಟುವುದುಂಟು. ಎದೆಭಾರ, ಬೆವರು, ಉಬ್ಬಸಗಳೊಡನೆ ಬರುವ ತೋಳುನೋವು ಹೃದಯದ್ದಾಗಿರಬಹುದಾದ್ದರಿಂದ ಆಗ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಹಿಡಿದ ವಸ್ತು ಜಾರಿಬೀಳುವುದು, ನಡಿಗೆ ತತ್ತರಿಸುವುದು, ಮೂತ್ರದ ಹಿಡಿತ ತಪ್ಪುವುದು, ಇವು ಕಂಡರೆ ದಿಂಬಿನ ವಿಚಾರವನ್ನು ಬದಿಗಿಟ್ಟು ನರತಜ್ಞರನ್ನು ಕೂಡಲೇ ಕಾಣಬೇಕು. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಕೆ ತೆಗೆಸಿಕೊಳ್ಳುವ ಸುಖವನ್ನಂತೂ ಈ ರೋಗಿಗಳು ಬಿಡತಕ್ಕದ್ದು. ಹಠಾತ್ತಾಗಿ ತಿರುಚಿದ ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ಧಮನಿ ಸೀಳಿದ ಪ್ರಸಂಗಗಳುಂಟು.

ಪಕ್ಕಕ್ಕೆ ಮಲಗಿದಾಗ ಕಿವಿಗೂ ಹಾಸಿಗೆಗೂ ನಡುವಣ ಅಂತರವನ್ನು ತುಂಬಿ ಮೂಗನ್ನು ಎದೆಯ ನಡುಗೆರೆಗೆ ನೇರವಾಗಿರಿಸುವಷ್ಟು ಎತ್ತರ, ಅಂಗಾತ ಮಲಗಿದಾಗ ಅದಕ್ಕಿಂತ ತೆಳುವು: ದಿಂಬಿಗೆ ಇಷ್ಟು ಗುಣ ಸಾಕು. ಇದನ್ನು ಸಾವಿರಾರು ರೂಪಾಯಿ ತೆತ್ತು ಅಂಗಡಿಯಿಂದ ತರಬೇಕಾಗಿಲ್ಲ, ಅಳತೆಗೆ ಮಡಿಸಿದ ಕಂಬಳಿಯೂ ಆದೀತು. ಇದಕ್ಕಿಂತ ದುರ್ಲಭವಾದುದು ವಿಶ್ರಾಂತಿ. ನರದ ಉರಿಯೂತ ಶಮನವಾಗಲು ವಾರಗಳೋ ತಿಂಗಳುಗಳೋ ಬೇಕಾಗಿರುವಾಗ, ಲೇತಿನ ಮುಂದೆ ಕತ್ತು ಬಗ್ಗಿಸಿ ನಿಲ್ಲುವವನು, ಹೊಲಿಗೆಯಂತ್ರದ ಮುಂದೆ ದಿನವಿಡೀ ಕೂರುವವಳು ಎಷ್ಟು ದಿನ ಮನೆಯಲ್ಲಿರಬಲ್ಲರು? ಇಎಸ್‌ಐ ಯೋಜನೆಯ ಕೆಳಗೆ ನೋಂದಾಯಿತರಾದ ಕಾರ್ಮಿಕರಿಗೆ, ನಿಗದಿಯಾದಷ್ಟು ದಿನಗಳ ವಂತಿಗೆ ಸಂದಿದ್ದರೆ, ವೈದ್ಯರು ಬರೆದುಕೊಟ್ಟ ರಜೆಗೆ ವೇತನದ ಶೇಕಡ 70ರಂತೆ ವರ್ಷದಲ್ಲಿ 91 ದಿನಗಳವರೆಗೆ ಹಣ ದೊರೆಯುತ್ತದೆ. ಗುತ್ತಿಗೆಯ ಮೇಲೆ ದುಡಿಯುವವರಿಗೂ ಈ ಹಕ್ಕುಂಟು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯು ಬಾಗಲಗುಂಟೆಗೆ ಬಹಳ ದೂರವೇನೂ ಅಲ್ಲ. ಆದರೆ ಗುತ್ತಿಗೆದಾರನು ಹೆಸರನ್ನೇ ನೋಂದಾಯಿಸದೆ ಬಿಟ್ಟಿದ್ದರೆ ಆ ಹಕ್ಕು ಕೈಗೆ ಎಟುಕುವುದಿಲ್ಲ. ಅದನ್ನು ನೋವು ಬರುವ ಮುನ್ನವೇ ವಿಚಾರಿಸಿಟ್ಟುಕೊಳ್ಳಬೇಕು.