ಮೈಲುತುತ್ತ: ಹರಳಿನೊಳಗಿನ ನೀರು ಮತ್ತು ಬೋರ್ಡೋ ದ್ರಾವಣ

ಚನ್ನಪಟ್ಟಣ, ರಾಮನಗರ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಮಾವು, ತೆಂಗು ಬೆಳೆಯುವ ರೈತರಿಗೆ ಮೈಲುತುತ್ತ ಹೊಸ ವಸ್ತುವಲ್ಲ. ತೆಂಗಿನ ಸುಳಿ ಕೊಳೆ ರೋಗಕ್ಕೆ, ಮಾವಿನ ಚಿಬ್ಬು ರೋಗಕ್ಕೆ ಬಳಸುವ ಬೋರ್ಡೋ ದ್ರಾವಣ ಮತ್ತು ಬೋರ್ಡೋ ಮುಲಾಮಿಗೆ ಇದೇ ಮೂಲ. ಅಂಗಡಿಯಿಂದ ತಂದ ನೀಲಿ ಹರಳು ಬೇಸಿಗೆಯ ಒಣ ಹವೆಯಲ್ಲಿ ಬಿಳಿಚಿಕೊಂಡು ಪುಡಿಯಾಗುವುದುಂಟು. ಆಗ ಔಷಧಿಯ ಶಕ್ತಿ ಹೋಯಿತೆಂದು ಎಸೆಯುವವರಿದ್ದಾರೆ. ಅದನ್ನೇ ಹಳೆಯ ತೂಕದಲ್ಲಿ ಬೆರೆಸಿ ಎಲೆ ಸುಟ್ಟುಕೊಳ್ಳುವವರೂ ಇದ್ದಾರೆ. ಈ ಎರಡು ನಷ್ಟಗಳನ್ನೂ ತಪ್ಪಿಸಲು ಹರಳಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ.

ಹರಳಿನ ರಚನೆ

ಮೈಲುತುತ್ತವೆಂದರೆ ನೀರಿನೊಡನೆ ಕೂಡಿದ ತಾಮ್ರದ ಸಲ್ಫೇಟು. ನವಿಲಿನ ಕತ್ತಿನ ಬಣ್ಣವಿರುವುದರಿಂದ ಸಂಸ್ಕೃತದಲ್ಲಿ ಇದಕ್ಕೆ ಮಯೂರತುತ್ಥ ಎಂಬ ಹೆಸರಿದೆ. ಹರಳಿನಲ್ಲಿ ತಾಮ್ರದ ಸಲ್ಫೇಟಿನ ಒಂದು ಅಣುವಿನೊಡನೆ ನೀರಿನ 5 ಅಣುಗಳು ಸೇರಿರುತ್ತವೆ. ತೂಕದಲ್ಲಿ ಶೇಕಡಾ 36ರಷ್ಟು ನೀರು, ಶೇಕಡಾ 25.5ರಷ್ಟು ತಾಮ್ರ. ಕೈಗೆ ಒಣಗಿದಂತೆ ತೋರುವ ಒಂದು ಕಿಲೋ ಹರಳಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರೇ ಇದೆ. ನೀಲಿ ಬಣ್ಣಕ್ಕೂ ಈ ನೀರೇ ಕಾರಣ. ಹರಳನ್ನು ಚೆನ್ನಾಗಿ ಕಾಯಿಸಿದರೆ ನೀರೆಲ್ಲ ಹೋಗಿ ಬಿಳಿ ಪುಡಿ ಉಳಿಯುತ್ತದೆ. ಅದರ ಮೇಲೆ ನೀರು ಬಿದ್ದರೆ ಮತ್ತೆ ನೀಲಿಯಾಗುತ್ತದೆ.

ಪ್ರಕೃತಿಯಲ್ಲಿ ಅಪರೂಪವೇಕೆ?

ಈ ವಸ್ತು ಖನಿಜ ರೂಪದಲ್ಲಿಯೂ ಸಿಗುತ್ತದೆ. 5 ನೀರಿನ ಖನಿಜಕ್ಕೆ ಚಾಲ್ಕಂಥೈಟ್ ಎಂದು ಹೆಸರು. 3 ನೀರಿನದು ಬೊನಾಟೈಟ್. ಇದನ್ನು ಮೊದಲು ಗುರುತಿಸಿದ್ದು ಇಟಲಿಯ ಎಲ್ಬಾ ದ್ವೀಪದಲ್ಲಿ. 7 ನೀರಿನ ಬೂಥೈಟ್ ಅಮೆರಿಕದ ಕ್ಯಾಲಿಫೋರ್ನಿಯಾದ ಗಣಿಯೊಂದರಲ್ಲಿ ದೊರೆಯಿತು. ಗಂಧಕ ಕೂಡಿದ ತಾಮ್ರದ ಅದಿರಿಗೆ ಗಾಳಿ ಮತ್ತು ನೀರು ತಾಗಿದಾಗ ಇಂಥ ಲವಣಗಳು ಹುಟ್ಟುತ್ತವೆ. ಆದರೆ ಇವು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮಳೆ ಬೀಳುವ ಕಡೆ ಉಳಿಯುವುದಿಲ್ಲ. ಹಳೆಯ ಗಣಿಗಳ ಒಳಗೋಡೆಗಳಲ್ಲಿ, ಇಲ್ಲವೇ ಚಿಲಿ ದೇಶದ ಚುಕಿಕಮಾಟಾದಂಥ ಮಳೆಯಿಲ್ಲದ ಮರುಭೂಮಿಯಲ್ಲಿ ಮಾತ್ರ ಚೆನ್ನಾಗಿ ಕಾಣುತ್ತವೆ.

ನಮ್ಮ ರಾಜ್ಯದಲ್ಲಿ ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿ ನಡೆದಿತ್ತು. ಅಲ್ಲಿನದು ತಾಮ್ರ, ಕಬ್ಬಿಣ, ಗಂಧಕ ಕೂಡಿದ ಅದಿರು. ರಾಮನಗರ ಸುತ್ತಿನ ಬೆಟ್ಟಗಳು ಬೇರೆ ಬಗೆಯವು. ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಕಲ್ಲು ಅದು. ನಮ್ಮ ಅಂಗಡಿಗಳ ಮೈಲುತುತ್ತವನ್ನು ನೆಲದಿಂದ ಅಗೆದು ತರುವುದಿಲ್ಲ. ತಾಮ್ರ ಮತ್ತು ಗಂಧಕಾಮ್ಲದಿಂದ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ.

ಕರಗುವ ಗುಣವೇ ಲಾಭ, ಅದೇ ಅಪಾಯ

ಮಳೆಯಲ್ಲಿ ಖನಿಜವನ್ನು ಉಳಿಯಗೊಡದ ಈ ಕರಗುವ ಗುಣವೇ ತೋಟದಲ್ಲಿಯೂ ತೊಂದರೆ ಕೊಡುತ್ತದೆ. ಬರಿಯ ಮೈಲುತುತ್ತದ ನೀರನ್ನು ಸಿಂಪಡಿಸಿದರೆ ತಾಮ್ರವೆಲ್ಲ ಒಮ್ಮೆಗೇ ಎಲೆಗೆ ತಾಗಿ ಎಲೆ ಸುಡುತ್ತದೆ. ಮಳೆ ಬಂದರೆ ತೊಳೆದು ಹೋಗುತ್ತದೆ. ಸುಣ್ಣ ಬೆರೆಸಿದಾಗ ತಾಮ್ರವು ಸುಲಭವಾಗಿ ಕರಗದ ರೂಪ ತಾಳಿ ಎಲೆಗೆ ಅಂಟಿಕೊಳ್ಳುತ್ತದೆ. ಶಿಲೀಂಧ್ರದ ಬೀಜಾಣು ಮೊಳೆಯುವಾಗ ಬೇಕಾದಷ್ಟು ತಾಮ್ರ ಅಲ್ಪ ಪ್ರಮಾಣದಲ್ಲಿ ಬಿಡುಗಡೆಯಾಗಿ ಅದನ್ನು ಕೊಲ್ಲುತ್ತದೆ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆ ಪ್ರಕಟಿಸಿದ ಈ ಮಿಶ್ರಣವನ್ನು ಮೈಸೂರು ಸಂಸ್ಥಾನದ ಅಡಿಕೆ ತೋಟಗಳಲ್ಲಿ ಕೊಳೆರೋಗದ ವಿರುದ್ಧ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಆ ರೋಗದ ಬಗ್ಗೆ ಅವರ ಪ್ರಕಟಣೆ 1910ರಲ್ಲಿ ಹೊರಬಂದಿತು.

ಬಿಳಿಚಿದ ಹರಳನ್ನು ಏನು ಮಾಡಬೇಕು?

ಬಿಳಿಚಿದ ಹರಳು ಕೆಟ್ಟಿಲ್ಲ. ಅದರ ನೀರು ಮಾತ್ರ ಹೋಗಿದೆ. ತಾಮ್ರ ಎಲ್ಲಿಗೂ ಹೋಗಿಲ್ಲ. ಆದ್ದರಿಂದ ಅದೇ ತೂಕದಲ್ಲಿ ತಾಮ್ರ ಹೆಚ್ಚಾಗಿರುತ್ತದೆ. 5ರಲ್ಲಿ 2 ನೀರು ಹೋದರೆ ತಾಮ್ರದ ಪ್ರಮಾಣ ಶೇಕಡಾ 29.7ಕ್ಕೆ ಏರುತ್ತದೆ. ಆಗ ಸುಮಾರು 855 ಗ್ರಾಂ ಪುಡಿ ಒಂದು ಕಿಲೋ ನೀಲಿ ಹರಳಿಗೆ ಸಮ. ಪೂರ್ತಿ ನೀರು ಹೋದ ಬಿಳಿ ಪುಡಿಯಾದರೆ 640 ಗ್ರಾಂ ಸಾಕು. ಹರಳಿನ ಮೇಲೆ ತೆಳುವಾದ ಬಿಳಿ ಪದರವಿದ್ದರೆ ತೂಕದ ವ್ಯತ್ಯಾಸ ಅಲ್ಪ. ಹರಳಿನಲ್ಲಿ ಹಸಿರು ಛಾಯೆ ಕಂಡರೆ ಮಾತ್ರ ಅನ್ನಭೇದಿಯ ಬೆರಕೆ ಇರಬಹುದೆಂದು ಅನುಮಾನಿಸಬೇಕು.

ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವ ಕ್ರಮ

1. ಒಂದು ಕಿಲೋ ಮೈಲುತುತ್ತವನ್ನು ಪುಡಿ ಮಾಡಿ 50 ಲೀಟರ್ ನೀರಿನಲ್ಲಿ ಕರಗಿಸಿ. ಪ್ಲಾಸ್ಟಿಕ್, ಮರ ಅಥವಾ ಮಣ್ಣಿನ ಪಾತ್ರೆ ಬಳಸಿ. ಕಬ್ಬಿಣದ ಅಥವಾ ಸತುವಿನ ಲೇಪದ ಪಾತ್ರೆ ಬೇಡ.

2. ಒಂದು ಕಿಲೋ ಹೊಸ ಸುಟ್ಟ ಸುಣ್ಣವನ್ನು ಅರಳಿಸಿ ಬೇರೊಂದು ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಬೆರೆಸಿ ಸೋಸಿಕೊಳ್ಳಿ. ಗಾಳಿಗೆ ಬಿದ್ದು ಹಳೆಯದಾದ ಸುಣ್ಣಕ್ಕೆ ಶಕ್ತಿ ಕಡಿಮೆ.

3. ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಡಿ.

4. ಉಜ್ಜಿ ಹೊಳಪು ಮಾಡಿದ ಕುಡುಗೋಲಿನ ಬಾಯಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ. ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಪರೀಕ್ಷಿಸಿ. ಹರಳು ಬಿಳಿಚಿದ್ದರೂ ಸುಣ್ಣ ಹಳೆಯದಾದರೂ ಈ ಪರೀಕ್ಷೆ ನಿಮ್ಮನ್ನು ಎಚ್ಚರಿಸುತ್ತದೆ.

5. ತಯಾರಿಸಿದ ದಿನವೇ ಬಳಸಿ.

ಮಾವಿನ ಕೊಂಬೆ ಕತ್ತರಿಸಿದ ಗಾಯಕ್ಕೆ, ತೆಂಗಿನ ಸುಳಿಯಲ್ಲಿ ಕೊಳೆತ ಭಾಗವನ್ನು ತೆಗೆದ ಜಾಗಕ್ಕೆ ಮುಲಾಮು ಹಚ್ಚಬೇಕಾದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವನ್ನು 10 ಲೀಟರ್ ನೀರಿನಲ್ಲಿ ಇದೇ ಕ್ರಮದಲ್ಲಿ ಬೆರೆಸಿ.

ಎಚ್ಚರಿಕೆಗಳು

ಮಾವಿನ ತೋಟದ ಬದಿಯಲ್ಲೇ ಹಿಪ್ಪುನೇರಳೆ ಇರುವುದು ನಮ್ಮ ಕಡೆ ಸಾಮಾನ್ಯ. ಗಾಳಿ ಬೀಸುವಾಗ ಸಿಂಪಡಿಸಬೇಡಿ. ಹನಿ ಬಿದ್ದ ಸೊಪ್ಪನ್ನು ರೇಷ್ಮೆ ಹುಳುವಿಗೆ ಕೊಡಬೇಡಿ. ಉಳಿದ ದ್ರಾವಣವನ್ನು, ಪಂಪು ತೊಳೆದ ನೀರನ್ನು ಕೆರೆ ಕಾಲುವೆಗೆ ಬಿಡಬಾರದು. ಕಣ್ವ ಜಲಾಶಯದಂಥ ನೀರಿಗೆ ಸೇರುವ ತಾಮ್ರ ಮೀನಿಗೆ ವಿಷ. ದನಗಳಿಗಿಂತ ಕುರಿಗಳು ತಾಮ್ರಕ್ಕೆ ಬೇಗ ಬಲಿಯಾಗುತ್ತವೆ. ಸಿಂಪಡಿಸಿದ ತೋಟದ ಹುಲ್ಲಿಗೆ ಅವನ್ನು ಬಿಡಬೇಡಿ. ಹರಳನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಯಾರಾದರೂ ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಾಮ್ರ ಮಣ್ಣಿನಿಂದ ಸುಲಭವಾಗಿ ಹೊರಹೋಗುವುದಿಲ್ಲ. ಫ್ರಾನ್ಸಿನ ಹಳೆಯ ದ್ರಾಕ್ಷಿ ತೋಟಗಳ ಮೇಲ್ಮಣ್ಣಿನಲ್ಲಿ ಅದು ಶೇಖರವಾಗಿರುವುದು ಕಂಡುಬಂದಿದೆ. ರೋಗದ ಭಯವಿದ್ದಾಗ ಮಾತ್ರ ಸಿಂಪಡಿಸುವುದು ಜಾಣತನ.

ರೋಗದ ಗುರುತು ಅಥವಾ ಸಿಂಪಡಣೆಯ ಕಾಲದ ಬಗ್ಗೆ ಸಂದೇಹವಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲೀ, ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲೀ ವಿಚಾರಿಸಬಹುದು. ಹೋಗುವಾಗ ರೋಗ ತಗುಲಿದ ಎಲೆ ಮತ್ತು ಬಳಸುತ್ತಿರುವ ಹರಳಿನ ಮಾದರಿಯನ್ನು ಜೊತೆಯಲ್ಲಿ ಒಯ್ಯಿರಿ.